ಉಸಿರಿಲ್ಲದ ಕೂಗು

ಬಸ್ ನಿಲ್ದಾಣದ ಮೇಲ್ಮಹಡಿಯಲ್ಲಿ ಒಂದು ಗಾಜಿನ ಕೋಣೆ. ಅದರಲ್ಲಿ ಒಂದು ಮೇಜು, ಮೇಜಿನ ಮೇಲೆ ಮೈಕು, ಮೂಲೆಯಲ್ಲಿ ನೀರಿನ ಹೂಜಿ, ಗೋಡೆಗೆ ಅಂಗೈಯಗಲದ ದೇವರ ಪಟ. ಬಸ್ಸಕ್ಕನ ಆಯಸ್ಸಿನ ಬಹುಪಾಲು ಆ ಕೋಣೆಯಲ್ಲೇ ಕಳೆಯಿತು. ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಕೂಗಿ ಹೇಳುವುದು ಆಕೆಯ ಕೆಲಸ. ಮದುವೆಯಾಗಿ ಬಂದಾಗ ಮನೆಯವರು ಇಟ್ಟ ಹೆಸರೂ, ಹೆತ್ತವರು ಇಟ್ಟ ಹೆಸರೂ ಎರಡೂ ಹಿಂದೆ ಸರಿದು, ಈ ಬಸ್ಸಕ್ಕ ಎಂಬ ಹೆಸರೇ ಗಟ್ಟಿಯಾಗಿ ನಿಂತಿತು.

ಆ ಊರಿನವರಿಗೆ ಒಂದು ಅಭ್ಯಾಸವಿತ್ತು. ಅವರು ಬಸ್ಸಿನ ಬೋರ್ಡು ನೋಡುತ್ತಿರಲಿಲ್ಲ. ನೋಡಿ ಪ್ರಯೋಜನವೂ ಇರಲಿಲ್ಲ. ಡ್ರೈವರುಗಳು ಬೋರ್ಡು ತಿರುಗಿಸಲು ಮರೆಯುತ್ತಿದ್ದರು. ಪೂರ್ವಕ್ಕೆ ಹೋಗುವ ಬಸ್ಸು ಪಶ್ಚಿಮದ ಹೆಸರು ಹೊತ್ತು ನಿಂತಿರುತ್ತಿತ್ತು. ಆದ್ದರಿಂದ ಜನ ಬಸ್ಸಕ್ಕನ ಬಾಯನ್ನೇ ನಂಬಿದರು. "ಹೊರಟಿತು" ಎಂದು ಆಕೆ ಹೇಳಿದರೆ, ಮಾತು ಮುಗಿಯುವ ಮೊದಲೇ ಕಾಲು ಮೆಟ್ಟಿಲ ಮೇಲಿರುತ್ತಿತ್ತು. "ಬೋರ್ಡು ಸುಳ್ಳು ಹೇಳಬಹುದು, ಅಕ್ಕ ಹೇಳಲ್ಲ" ಎಂಬುದು ಅಲ್ಲಿ ಗಾದೆಯ ಹಾಗೆ ಆಗಿಹೋಗಿತ್ತು. ಮಕ್ಕಳು ಕಣ್ಣಿಗಿಂತ ಮೊದಲು ಕಿವಿಯನ್ನು ನಂಬಲು ಕಲಿತು ಬೆಳೆದರು. ಅವರಿಗೂ ಮಕ್ಕಳಾದವು.

ಬಸ್ಸಕ್ಕ ನಿವೃತ್ತಳಾದ ಮೇಲೆ ಮಾತು ಕಡಿಮೆ ಮಾಡಿದಳು. ಬೆಳಗ್ಗೆ ದೇವರ ಮುಂದೆ ಕೂತು ತುಟಿ ಅಲ್ಲಾಡಿಸುವುದು, ಆಮೇಲೆ ಯಾರು ಏನು ಹೇಳಿಕೊಂಡು ಬಂದರೂ ಕೇಳಿಸಿಕೊಳ್ಳುವುದು. ಗಂಡ ತೀರಿಕೊಂಡಿದ್ದ. ಗಂಡನ ತಂಗಿ ಜೊತೆಗಿದ್ದಳು. ಈ ನಾದಿನಿಯ ಬಾಯಿ ಮಾತ್ರ ಬಿಡುವು ಕಾಣದ್ದು.

"ನಮ್ಮ ಅತ್ತಿಗೆ ಊರಿಗೆಲ್ಲ ಮಾತು ಹಂಚಿ ಬಂದುಬಿಟ್ರು. ಮನೆಗೆ ಅಂತ ತಂದಿದ್ದು ಬರೀ ಕೆಮ್ಮು" ಎಂದು ಅವಳು ಬಂದವರೆದುರು ನಗುತ್ತಿದ್ದಳು.

ಕೆಮ್ಮೆಂದರೆ ಕೆಮ್ಮಲ್ಲ. ಅಷ್ಟು ಕಾಲ ಕೂಗಿದ್ದರಿಂದ ಬಸ್ಸಕ್ಕನ ಗಂಟಲಲ್ಲಿ ಒಂದು ಸಣ್ಣ ಸೀಟಿ ಸೇರಿಕೊಂಡಿತ್ತು. ಮಾತಿಗೆ ಮೊದಲು ಉಸಿರೆಳೆದುಕೊಂಡರೆ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಸುಂಯ್ ಎನ್ನುತ್ತಿತ್ತು.

ಆ ವರ್ಷ ನಗರಸಭೆಯವರು ನಾಲ್ಕು ದಾರಿ ಕೂಡುವ ದೊಡ್ಡ ಸರ್ಕಲ್ಲಿಗೆ ಹೊಸ ಸಿಗ್ನಲ್ ತಂದರು. ಅದಕ್ಕೆ ಕ್ಯಾಮೆರಾ, ಕಂಪ್ಯೂಟರು, ಕಂಬಕ್ಕೊಂದು ಧ್ವನಿಪೆಟ್ಟಿಗೆ. ರಸ್ತೆ ದಾಟುವವರಿಗೆ ಯಾವಾಗ ನಿಲ್ಲಬೇಕು, ಯಾವಾಗ ದಾಟಬೇಕು ಎಂದು ಪೆಟ್ಟಿಗೆಯೇ ಹೇಳುತ್ತದಂತೆ. ಅದರ ಖರ್ಚಿಗೆ ಮನೆ ಕಂದಾಯ ಏರಿತು. ಸರ್ಕಲ್ಲಿನ ಔಷಧಿ ಅಂಗಡಿಯವರು, "ಮೂಗಿಗಿಂತ ಮೂಗುತಿ ಭಾರ. ಗುಂಡಿ ಮುಚ್ಚೋಕೆ ದುಡ್ಡಿಲ್ಲ, ಗುಂಡಿ ಪಕ್ಕದಲ್ಲಿ ಮಾತಾಡೋ ಕಂಬ" ಎಂದು ಗಿರಾಕಿಗಳಿಗೆ ಔಷಧಿಯ ಜೊತೆ ಇದನ್ನೂ ಕಟ್ಟಿ ಕೊಡುತ್ತಿದ್ದರು.

ಧ್ವನಿ ಯಾರದಿರಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಉತ್ತರ. ಬಸ್ಸಕ್ಕನನ್ನು ಕರೆದುಕೊಂಡು ಹೋಗಿ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಕೋಣೆಯಲ್ಲಿ ಕೂರಿಸಿದರು. ಆಕೆ ಹೇಳಬೇಕಾಗಿದ್ದು ಎರಡೇ ಮಾತು. "ನಿಲ್ಲಿ, ಸ್ವಲ್ಪ ನಿಲ್ಲಿ." "ಬನ್ನಿ, ಈಗ ದಾಟಿ."

ಧ್ವನಿ ಹಿಡಿದವನು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ಹೇಳಿದ: "ಚೆನ್ನಾಗಿ ಬಂದಿದೆ ಅಮ್ಮ. ಉಸಿರಿನ ಸದ್ದು ತುಂಬ ಇತ್ತು, ಎಲ್ಲಾ ಕತ್ತರಿಸಿ ತೆಗೆದುಬಿಟ್ಟೆ."

"ನನ್ನ ಉಸಿರು ತೆಗೆದು ಎಲ್ಲಿಟ್ಟೆಯಪ್ಪ?" ಎಂದು ಬಸ್ಸಕ್ಕ ಕೇಳಿದಳು.

ಅವನು ನಕ್ಕ. ಆಕೆಯೂ ನಕ್ಕಳು. ಆದರೆ ಆಮೇಲೆ ಅವನು ಕೇಳಿಸಿದ ಧ್ವನಿಯನ್ನು ಕೇಳಿ ಆಕೆಯ ತೋಳಿನ ರೋಮ ನಿಮಿರಿತು. ತನ್ನದೇ ದನಿ, ತನ್ನದೇ ಮಾತು. ಆದರೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಏನೂ ಇರಲಿಲ್ಲ. ಬಾಯಿ ಇದ್ದು ಎದೆ ಇಲ್ಲದವಳು ಯಾರೋ ಮಾತಾಡಿದ ಹಾಗಿತ್ತು.

ಮೊದಲಿಗೆ ಎಲ್ಲ ಸರಿಯಾಗಿಯೇ ನಡೆಯಿತು. ಬೆತ್ತದ ಕುರ್ಚಿ ಹೆಣೆಯುವ ಕುರ್ಚಿಯಣ್ಣನಿಗಂತೂ ಹಬ್ಬ. ಹುಟ್ಟಿನಿಂದ ಕಣ್ಣು ಕಾಣದವನು ಅವನು. ಬೆಳಗಾದರೆ ಬೆತ್ತದ ಸಿಂಬಿ ಹೆಗಲಿಗೆ ಹಾಕಿಕೊಂಡು ಸರ್ಕಲ್ ದಾಟಿ ಕೆಲಸದ ಮನೆಗೆ ಹೋಗುತ್ತಿದ್ದ. ಅದುವರೆಗೆ ಯಾರಾದರೂ ಕೈ ಹಿಡಿಯಲಿ ಎಂದು ಕಾದು ನಿಲ್ಲಬೇಕಾಗಿತ್ತು. "ಈಗ ನಮ್ಮಕ್ಕನೇ ಕಂಬದಲ್ಲಿ ಕೂತಿದ್ದಾಳೆ. ನನಗ್ಯಾರ ಹಂಗು?" ಎನ್ನುತ್ತಿದ್ದ.

ಆಮೇಲೆ ನಗರಸಭೆಯವರ ಕೈ ಸುಮ್ಮನಿರಲಿಲ್ಲ. ಒಂದು ರಸ್ತೆಯನ್ನು ಒಮ್ಮುಖ ಮಾಡಿದರು. ವ್ಯಾಪಾರಿಗಳು ಗಲಾಟೆ ಮಾಡಿದ ಮೇಲೆ ಮತ್ತೆ ಇಮ್ಮುಖ ಮಾಡಿದರು. ದೀಪಗಳ ಸರದಿ ಬದಲಾಯಿತು. ದೀಪಗಳಿಗೆ ಹೊಸ ಸರದಿ ಕಲಿಸಿದವರು ಪೆಟ್ಟಿಗೆಗೆ ಕಲಿಸಲಿಲ್ಲ. ಅದು ಹಳೆಯ ಸರದಿಯನ್ನೇ ಹಿಡಿದುಕೊಂಡು ಕೂತಿತು. ಕೆಲವು ಸಲ ಎರಡೂ ಹೊಂದುತ್ತಿದ್ದವು. ಕೆಲವು ಸಲ ದಾಟುವವರ ದೀಪ ಕೆಂಪಗಿದ್ದಾಗ, ಲಾರಿಗಳು ನುಗ್ಗುತ್ತಿದ್ದಾಗ, ಪೆಟ್ಟಿಗೆ ಅದೇ ತಣ್ಣನೆಯ ದನಿಯಲ್ಲಿ ಹೇಳುತ್ತಿತ್ತು: "ಬನ್ನಿ, ಈಗ ದಾಟಿ."

ಬೇರೆ ಊರಿನವರಾದರೆ ದೀಪ ನೋಡಿ ನಿಲ್ಲುತ್ತಿದ್ದರು. ಇವರು ಬೋರ್ಡು ನೋಡದೆ ಬೆಳೆದವರು. ದೀಪವೂ ಅವರ ಪಾಲಿಗೆ ಒಂದು ಬೋರ್ಡೇ. ದನಿ ಕೇಳಿತು, ಕಾಲು ಎದ್ದಿತು.

ಒಂದು ದಿನ ಹೊತ್ತು ಏರುವ ಸಮಯದಲ್ಲಿ ಬಸ್ಸಕ್ಕ ತರಕಾರಿಗೆಂದು ಹೋದವಳು ಸರ್ಕಲ್ಲಿನಲ್ಲಿ ಗುಂಪು ಕಂಡಳು. ರಸ್ತೆಯ ಉದ್ದಕ್ಕೂ ಬಿಳಿ ಅಂಗಿಗಳು ಅಂಗಾತ ಬಿದ್ದಿದ್ದವು. ತೋಳು ಚಾಚಿ, ಕಾಲರು ಮೇಲೆ ಮಾಡಿ, ಗುಂಡಿ ಹಾಕಿದ ಅಂಗಿಗಳು. ಒಳಗಿದ್ದ ಮನುಷ್ಯರು ಮಾತ್ರ ಎದ್ದು ಹೋದ ಹಾಗೆ. ವಾಹನಗಳು ಅವುಗಳ ಮೇಲೆ ಹರಿದು ಹೋಗುವಾಗ ತೋಳುಗಳು ಒಮ್ಮೆ ಎದ್ದು ಮತ್ತೆ ಮಲಗುತ್ತಿದ್ದವು. ಇಸ್ತ್ರಿಯವನ ತಳ್ಳುಗಾಡಿಗೆ ವ್ಯಾನು ಗುದ್ದಿತ್ತು. ಗಾಡಿ ಮುರಿದಿತ್ತು, ಅವನ ಕಾಲೂ ಮುರಿದಿತ್ತು.

ಆಕೆ ಅವನ ಪಕ್ಕದಲ್ಲಿ ಕೂತು ತಲೆ ಹಿಡಿದುಕೊಂಡಳು. ಅವನು ಕಣ್ಣು ಬಿಟ್ಟು ನೋಡಿದ. ಸಿಟ್ಟಿರಲಿಲ್ಲ ಅವನಿಗೆ, ಬರೀ ಆಶ್ಚರ್ಯ.

"ಅಕ್ಕಾ, ನೀವೇ ಕರೆದ್ರಲ್ಲ?"

ಆ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಅಂದು ಸಂಜೆ ದೇವರ ಮುಂದೆ ಬಹಳ ಹೊತ್ತು ಕೂತಳು. ಬೇಡಿಕೊಂಡಿದ್ದು ಒಂದೇ: ನನ್ನ ದನಿ ಕೇಳಿ ಬಂದವರು ಯಾರೂ ಸಾಯಬಾರದು. ಬೇಡಿಕೆ ಮುಗಿಸಿ ಕೈ ಮುಗಿಯುವಾಗ, ಗಾಳಿ ಈ ಕಡೆ ತಿರುಗಿತ್ತೇನೋ, ದೂರದಿಂದ ತನ್ನದೇ ದನಿ ಬಂತು: "ಬನ್ನಿ."

ಔಷಧಿ ಅಂಗಡಿಯವರು ಸುತ್ತಲಿನ ಬೀದಿಗಳವರನ್ನೆಲ್ಲ ಕೂಡಿಸಿಕೊಂಡು ನಗರಸಭೆಗೆ ಹೊರಟರು. ಬಸ್ಸಕ್ಕನೂ ಹೋದಳು. ಸಭೆಯ ಕೋಣೆಯಲ್ಲಿ ಅಧ್ಯಕ್ಷರ ಕುರ್ಚಿ ಉಳಿದವುಗಳಿಗಿಂತ ಎತ್ತರ. ಅದರ ಬೆತ್ತ ಹೆಣೆದವನು ಕುರ್ಚಿಯಣ್ಣ. ಅವನೂ ಬಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದ.

"ಸ್ವಾಮಿ, ಕಂದಾಯ ಏರಿಸಿದ್ರಿ, ಕೊಟ್ವಿ" ಎಂದರು ಔಷಧಿಯವರು. "ರಸ್ತೆ ತಿರುಗಿಸಿದ್ರಿ, ತಿರುಗಿದ್ವಿ. ಮತ್ತೆ ತಿರುಗಿಸಿದ್ರಿ, ತಲೆ ತಿರುಗಿತು. ಈಗ ಜೀವ ಕೇಳ್ತಾ ಇದೀರಿ. ಆ ಪೆಟ್ಟಿಗೆ ಬಾಯಿ ಮುಚ್ಚಿಸಿ."

ಎಂಜಿನಿಯರು ಎದ್ದರು. "ಅದು ಹಾಗೆ ಮುಚ್ಚೋಕೆ ಬರಲ್ಲ. ದೀಪ, ಧ್ವನಿ ಎರಡರ ತಂತಿಯೂ ಒಂದೇ ಪೆಟ್ಟಿಗೆಯೊಳಗಿದೆ. ಕಂಪನಿಯವರ ಮುದ್ರೆ ಇದೆ. ಅವರೇ ಬಂದು ತೆಗೀಬೇಕು. ಅದಕ್ಕೆ ಹೊಸ ಟೆಂಡರ್ ಆಗಬೇಕು."

"ಆಗೋವರೆಗೆ?"

"ಆಗೋವರೆಗೆ ಜನ ದೀಪ ನೋಡ್ಕೊಂಡು ದಾಟಲಿ" ಎಂದರು ಅಧ್ಯಕ್ಷರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ಸ್ವಲ್ಪ ಉಪ್ಪು ಜಾಸ್ತಿ. "ದೇವರು ಎರಡು ಕಣ್ಣು ಕೊಟ್ಟಿದಾನಲ್ಲ? ಯಾರೋ ಬಾ ಅಂದ್ರೆ ಲಾರಿ ಮುಂದೆ ಹೋಗ್ತಾರಾ? ನಾವೇನು ಕುರಿಗಳಾ?"

"ನನಗೆ ಆ ಎರಡನ್ನ ಕೊಡೋದು ಮರೆತುಬಿಟ್ಟ ಸ್ವಾಮಿ" ಎಂದ ಹಿಂದಿನಿಂದ ಕುರ್ಚಿಯಣ್ಣ. ಕೆಲವರು ನಕ್ಕರು. ಅಧ್ಯಕ್ಷರು ನಗಲಿಲ್ಲ.

ಆಗ ಬಸ್ಸಕ್ಕ ಎದ್ದು ನಿಂತಳು. ಎರಡು ಹೆಜ್ಜೆ ಮುಂದೆ ಬಂದು ಹೇಳಿದಳು: "ಅದು ನನ್ನ ದನಿ. ನಾನೇ ಕೊಟ್ಟಿದ್ದು. ನನಗೆ ಅದನ್ನ ವಾಪಸ್ ಕೊಟ್ಟುಬಿಡಿ."

ಅಧ್ಯಕ್ಷರು ಮೆತ್ತಗೆ, "ನೋಡೋಣ ಅಕ್ಕ, ಏನಾದ್ರೂ ಮಾಡಿಸ್ತೀನಿ" ಎಂದರು.

ಮಾಡಿಸಿದರು. ಸಭೆಯ ಮಾತೆಲ್ಲ ಕೆಳಗಿನ ಕಚೇರಿಗೆ ಇಳಿಯುವ ಹೊತ್ತಿಗೆ, ಧ್ವನಿಪೆಟ್ಟಿಗೆಯಿಂದ ಜನಕ್ಕೆ ತೊಂದರೆ ಎಂಬುದಷ್ಟೇ ಉಳಿದಿತ್ತು. ಧ್ವನಿ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಅವರು ಅರ್ಥ ಮಾಡಿಕೊಂಡರು. ಒಂದು ಬೆಳಗ್ಗೆ ಏಣಿ ಬಂತು. ಮುದ್ರೆ ಮುಟ್ಟದೆ ಹೊರಗಿನಿಂದಲೇ ತಿರುಗಿಸಿ ದನಿ ಏರಿಸುವ ಗುಬುಟು ಒಂದಿತ್ತಂತೆ. ಅದನ್ನು ಪೂರ್ತಿ ತಿರುಗಿಸಿ ಹೋದರು.

ಆಮೇಲೆ ಆ ದನಿಗೆ ಗೋಡೆಗಳಿರಲಿಲ್ಲ. ಬಸ್ಸಕ್ಕ ಅಕ್ಕಿ ತೊಳೆಯುವಾಗ ಕೇಳುತ್ತಿತ್ತು, ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗ ಕೇಳುತ್ತಿತ್ತು. ದೇವರ ಮುಂದೆ ಕಣ್ಣು ಮುಚ್ಚಿದರೆ, ತನ್ನ ಬೆನ್ನ ಹಿಂದೆ ತಾನೇ ನಿಂತು ಕರೆದ ಹಾಗಾಗುತ್ತಿತ್ತು. ಕೊನೆಗೆ ಆಕೆಗೆ ತನ್ನ ದನಿಯನ್ನು ಹೊರಗೆ ತೆಗೆಯಲು ಅಂಜಿಕೆಯಾಯಿತು. ಒಮ್ಮೆ ಹೂವಿನವಳನ್ನು ಕರೆಯಲು ಬಾಗಿಲಿಗೆ ಬಂದು "ನಿಲ್ಲಮ್ಮ" ಎಂದಳು. ಬೀದಿಗೆ ಬೀದಿಯೇ ನಿಂತಿತು. ಸೈಕಲ್ಲಿನವನು ಕಾಲು ಊರಿದ, ಬಟ್ಟೆ ಒಣಹಾಕುತ್ತಿದ್ದವಳ ಕೈ ತಂತಿಯ ಮೇಲೆ ನಿಂತಿತು. ಎಲ್ಲ ಮುಖಗಳೂ ಆಕೆಯತ್ತ ತಿರುಗಿ, ಮುಂದಿನ ಮಾತಿಗಾಗಿ ಕಾದವು. ಬಸ್ಸಕ್ಕ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

"ಏನಾಯ್ತು ಅತ್ತಿಗೆ? ದೆವ್ವ ಕಂಡ ಹಾಗೆ ಇದೀರಲ್ಲ" ಎಂದಳು ನಾದಿನಿ.

"ಕಾಣಲಿಲ್ಲ ಕಣೆ. ಅದರ ಬಾಯಿ ನನ್ನ ಹತ್ರಾನೇ ಇದೆ."

ನಾದಿನಿ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿಯನ್ನೂ ಮುಚ್ಚಿದಳು.

ಮರುದಿನ ಬೆಳಗ್ಗೆ ಬಸ್ಸಕ್ಕ ಛತ್ರಿ ಹಿಡಿದುಕೊಂಡು ಸರ್ಕಲ್ಲಿಗೆ ಹೋಗಿ ಕಂಬದ ಬುಡದಲ್ಲಿ ನಿಂತಳು. ಮೇಲಿನಿಂದ ಪೆಟ್ಟಿಗೆ "ಬನ್ನಿ, ಈಗ ದಾಟಿ" ಎಂದಿತು. ರಸ್ತೆಯಲ್ಲಿ ವಾಹನಗಳು ಹರಿಯುತ್ತಿದ್ದವು. ಆಕೆ ಉಸಿರೆಳೆದು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು: "ನಿಲ್ಲಿ! ಸ್ವಲ್ಪ ನಿಲ್ಲಿ!"

ಒಂದೇ ದನಿ ಮೇಲಿನಿಂದ ಕರೆಯಿತು, ಕೆಳಗಿನಿಂದ ತಡೆಯಿತು. ಜನ ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಇಟ್ಟುಕೊಂಡು, ಯಾವುದನ್ನು ಕೇಳುವುದೆಂದು ತಿಳಿಯದೆ ಕಂಬವನ್ನೊಮ್ಮೆ ಆಕೆಯನ್ನೊಮ್ಮೆ ನೋಡಿದರು. ಮುದುಕಿಯೊಬ್ಬಳು ಅತ್ತೇಬಿಟ್ಟಳು.

ದಿನವೂ ಹೀಗೆ ನಡೆಯಿತು. ಬೆಳಗ್ಗೆ ಕೆಲಸಕ್ಕೆ ಹೋಗುವ ಹೊತ್ತು, ಸಂಜೆ ಮನೆಗೆ ಬರುವ ಹೊತ್ತು. ನಾದಿನಿ ಬಿಸಿನೀರಿನ ಫ್ಲಾಸ್ಕು ತಂದು ಕೊಡುತ್ತಿದ್ದಳು. "ಸಂಬಳ ಇಲ್ಲದೆ ನಿಮ್ಮ ಜೊತೆ ನೀವೇ ಜಗಳ ಆಡ್ತಾ ಇದೀರ. ಗೆದ್ರೂ ನೀವೇ, ಸೋತ್ರೂ ನೀವೇ" ಎನ್ನುತ್ತ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಔಷಧಿಯವರು ಗಂಟಲಿಗೆ ಗುಳಿಗೆ ಕೊಡುತ್ತಿದ್ದರು. ಅವರ ಅರ್ಜಿಗಳಿಗೆ ನಗರಸಭೆಯಿಂದ ಪರಿಶೀಲಿಸಲಾಗುತ್ತಿದೆ ಎಂಬ ಒಂದೇ ಉತ್ತರ ಬರುತ್ತಿತ್ತು.

ಕುರ್ಚಿಯಣ್ಣ ಮಾತ್ರ ತಬ್ಬಿಬ್ಬಾಗಲಿಲ್ಲ. ಪೆಟ್ಟಿಗೆ ಎಷ್ಟು ಕರೆದರೂ ಕದಲುತ್ತಿರಲಿಲ್ಲ. ಬಸ್ಸಕ್ಕ "ಬಾ" ಎಂದರೆ ಸಾಕು, ನೆಟ್ಟಗೆ ನಡೆಯುತ್ತಿದ್ದ.

"ನಿನಗೆ ಹೇಗೆ ಗೊತ್ತಾಗುತ್ತೋ ತಮ್ಮಾ?" ಎಂದು ಒಂದು ಸಂಜೆ ಆಕೆ ಕೇಳಿದಳು. "ನನಗೇ ಒಂದೊಂದು ಸಲ ನಾನು ಯಾವುದು ಅಂತ ತಿಳಿಯಲ್ಲ."

"ಅದು ಉಸಿರು ತಗೊಳ್ಳಲ್ಲ ಅಕ್ಕ" ಎಂದ ಅವನು. "ನೀವು ಕೂಗೋ ಮುಂಚೆ ಸುಂಯ್ ಅನ್ನುತ್ತೆ. ನಾನು ಅದಕ್ಕೆ ಕಾಯ್ತೀನಿ. ಉಸಿರು ಕೇಳದೆ ಯಾರು ಕರೆದ್ರೂ ಹೋಗಬಾರದು. ಅದು ಯಾರೋ ಏನೋ."

ಒಂದು ಮುಂಜಾನೆ ಬಸ್ಸಕ್ಕ ಎದ್ದು ದೇವರ ಹೆಸರು ಹೇಳಲು ಬಾಯಿ ತೆರೆದಳು. ಏನೂ ಬರಲಿಲ್ಲ. ಬರೀ ಗಾಳಿ. ನೀರು ಕುಡಿದಳು, ಕೆಮ್ಮಿ ನೋಡಿದಳು. ದನಿ ಅನ್ನುವುದು ಒಳಗೆ ಇರಲೇ ಇಲ್ಲ. ಆ ಹೊತ್ತಿಗೆ ಸರಿಯಾಗಿ ಸರ್ಕಲ್ಲಿನಿಂದ ಅದು ಕೇಳಿತು, ದುಂಡಗೆ, ಸ್ಪಷ್ಟವಾಗಿ, ಆಕೆಯದೆಲ್ಲವನ್ನೂ ತಾನೇ ಇಟ್ಟುಕೊಂಡವಳ ಹಾಗೆ.

ಬೇರೆ ದಿನವಾಗಿದ್ದರೆ ನಾದಿನಿ ಆಕೆಯನ್ನು ಮಲಗಿಸುತ್ತಿದ್ದಳು. ಆದರೆ ಅಂದು ಅಧ್ಯಕ್ಷರು ಸರ್ಕಲ್ಲಿಗೆ ಬರುವವರಿದ್ದರು. ಬೀದಿಯವರು ಎಷ್ಟೋ ಸಲ ಕರೆದು, ಕಚೇರಿಯ ಮೆಟ್ಟಿಲ ಮೇಲೆ ಕೂತು, ಕೊನೆಗೆ ಒಪ್ಪಿಸಿದ್ದರು. ಒಮ್ಮೆ ನಿಂತು ನೋಡಲಿ, ಅಷ್ಟೇ ಅವರ ಬೇಡಿಕೆ. ಬಸ್ಸಕ್ಕ ಛತ್ರಿ ತೆಗೆದುಕೊಂಡಳು.

ಅಧ್ಯಕ್ಷರು ಕಾರಿನಿಂದ ಇಳಿದು ಪಾದಚಾರಿ ದಾರಿಯ ಅಂಚಿನಲ್ಲಿ ನಿಂತರು. ಜೊತೆಗೆ ಎಂಜಿನಿಯರು. ಹಿಂದೆ ಬೀದಿಯ ಜನ. ಬಸ್ಸಕ್ಕ ಅವರ ಪಕ್ಕಕ್ಕೇ ನಿಂತಿದ್ದಳು. ಆಚೆಗೆ ಕುರ್ಚಿಯಣ್ಣ ಬೆತ್ತದ ಸಿಂಬಿಯೊಂದಿಗೆ ಕಿವಿಗೊಟ್ಟು ನಿಂತಿದ್ದ.

"ಎಲ್ಲಾ ಸರಿಯಾಗೇ ಇದೆಯಲ್ಲ" ಎಂದರು ಅಧ್ಯಕ್ಷರು. "ನೋಡಿ, ದೀಪ ಕೆಂಪು. ನಾನು ನಿಂತಿದೀನಿ. ಎದುರಿಗೆ ನೀರಿನ ಟ್ಯಾಂಕರ್ ಬರ್ತಾ ಇದೆ, ನನ್ನ ಕಣ್ಣಿಗೆ ಕಾಣ್ತಾ ಇದೆ. ಇದರಲ್ಲಿ ಕಷ್ಟ ಏನು? ಸ್ವಲ್ಪ ಬುದ್ಧಿ..."

"ಬನ್ನಿ, ಈಗ ದಾಟಿ" ಎಂದಿತು ಪೆಟ್ಟಿಗೆ.

ಅಧ್ಯಕ್ಷರೂ ಆ ಊರಲ್ಲೇ ಬೆಳೆದವರು. ಓದುವ ಕಾಲಕ್ಕೆ ಅದೇ ನಿಲ್ದಾಣದಲ್ಲಿ, ಅದೇ ದನಿಗೆ ಕಾದು, ಓಡಿ ಬಸ್ಸು ಹತ್ತಿದವರು. ಮಾತು ಇನ್ನೂ ಅವರ ಬಾಯಲ್ಲಿತ್ತು. ಕಣ್ಣು ಟ್ಯಾಂಕರಿನ ಮೇಲಿತ್ತು. ಕಾಲು ಮಾತ್ರ ಎದ್ದು ರಸ್ತೆಗೆ ಇಳಿಯಿತು. ಇನ್ನೊಂದು ಕಾಲೂ ಹಿಂದೆಯೇ ಹೊರಟಿತು. ಅವರ ಮುಖದಲ್ಲಿ ಭಯವೂ ಇರಲಿಲ್ಲ. ನಿದ್ದೆಯಲ್ಲಿ ನಡೆಯುವವರ ಮುಖ ಅದು. ಹಿಂದಿದ್ದ ಜನರಲ್ಲೂ ಅರ್ಧ ಜನ ಅವರ ಜೊತೆಗೇ ಒಂದು ಹೆಜ್ಜೆ ಮುಂದೆ ಬಂದಿದ್ದರು.

ಬಸ್ಸಕ್ಕ ಬಾಯಿ ತೆರೆದಳು. ದನಿ ಬರಲಿಲ್ಲ. ಎದೆಯ ತಳದಿಂದ ಎಳೆದ ಉಸಿರು ಮಾತ್ರ ಸುಂಯ್ ಎಂದು ಗಟ್ಟಿಯಾಗಿ ಕೇಳಿತು.

"ನಿಲ್ಲೀ!" ಎಂದು ಕಿರುಚಿದವನು ಕುರ್ಚಿಯಣ್ಣ. ಆ ಉಸಿರಿಗೆ ಕಾದು ನಿಂತಿದ್ದವನು ಅವನೊಬ್ಬನೇ. ಅದರ ಹಿಂದೆ ಬರಬೇಕಾದ ಮಾತು ಬರಲಿಲ್ಲವೆಂದು ತಿಳಿದವನೂ ಅವನೊಬ್ಬನೇ. ಅಷ್ಟರಲ್ಲಿ ಬಸ್ಸಕ್ಕ ಛತ್ರಿಯ ಕೊಕ್ಕೆಯನ್ನು ಅಧ್ಯಕ್ಷರ ತೋಳಿಗೆ ಸಿಕ್ಕಿಸಿ ಎಳೆದಳು. ಇಬ್ಬರೂ ಹಿಂದಕ್ಕೆ ಬಿದ್ದರು. ಟ್ಯಾಂಕರಿನ ಗಾಳಿ ಅವರ ಮುಖಕ್ಕೆ ನೀರು ಎರಚಿಕೊಂಡು ಹೋಯಿತು. ಅಧ್ಯಕ್ಷರ ಒಂದು ಚಪ್ಪಲಿ ರಸ್ತೆಯ ನಡುವೆ ಚಪ್ಪಟೆಯಾಗಿ ಬಿದ್ದಿತ್ತು.

ಅಧ್ಯಕ್ಷರು ಕೂತಲ್ಲಿಂದ ಏಳಲಿಲ್ಲ. ತಮ್ಮ ಬರಿಗಾಲನ್ನೇ, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು.

"ಕಂಡಿತ್ತು ನನಗೆ" ಎಂದರು. "ಟ್ಯಾಂಕರ್ ಕಂಡಿತ್ತು. ಆದ್ರೂ ಹೋದೆ."

ಎಂಜಿನಿಯರು ತಾವೇ ಹೋಗಿ ಏಣಿ ತರಿಸಿದರು. ಮುದ್ರೆ ಒಡೆದರು, ತಂತಿ ಕತ್ತರಿಸಿದರು. ಟೆಂಡರಿನ ಮಾತು ಯಾರ ಬಾಯಿಂದಲೂ ಬರಲಿಲ್ಲ. ದೀಪಗಳೂ ಜೊತೆಗೇ ಆರಿದವು. ಆಮೇಲೆ ಸರ್ಕಲ್ಲಿನಲ್ಲಿ ಒಬ್ಬ ಪೊಲೀಸಿನವನು ಬಿಸಿಲಲ್ಲಿ ನಿಂತು ಕೈ ಬೀಸತೊಡಗಿದ. ದುಬಾರಿ ಕಂಬಗಳ ಮೇಲೆ ಪಾರಿವಾಳಗಳು ಕೂತವು. ಏರಿದ ಕಂದಾಯ ಮಾತ್ರ ಇಳಿಯಲಿಲ್ಲ. ಅದಕ್ಕೆ ಔಷಧಿಯವರು ಇನ್ನೂ ಓಡಾಡುತ್ತಿದ್ದಾರೆ.

ಪೆಟ್ಟಿಗೆಗಳನ್ನು ನಗರಸಭೆಯ ಉಗ್ರಾಣಕ್ಕೆ ಹಾಕಿದರು. ಕೆಲವು ದಿನಗಳ ಮೇಲೆ ಉಗ್ರಾಣದವನು ಔಷಧಿ ಅಂಗಡಿಗೆ ಬಂದು ನಿದ್ದೆಗೆ ಏನಾದರೂ ಕೊಡಿ ಎಂದ. ಮಧ್ಯಾಹ್ನ ಊಟ ಮಾಡಿ ಬೆಂಚಿನ ಮೇಲೆ ಒರಗಿದರೆ, ಕಪಾಟಿನ ಒಳಗಿನಿಂದ "ಬನ್ನಿ" ಎನ್ನುತ್ತದಂತೆ.

"ಒಳಗೆ ಬ್ಯಾಟರಿ ಇರುತ್ತಪ್ಪ" ಎಂದರು ಔಷಧಿಯವರು.

"ಯಾವ ಬ್ಯಾಟರಿ ಸ್ವಾಮಿ ಅದು? ಇಷ್ಟು ದಿನ ಬರೋದಾದ್ರೆ ನನ್ನ ಮೊಬೈಲ್‌ಗೂ ಒಂದು ಹಾಕಿಸಿಕೊಡಿ." ನಗಲು ಹೋಗಿ ಅವನು ಗುಳಿಗೆ ಹಿಡಿದ ಕೈಯನ್ನು ಬಿಗಿ ಮಾಡಿದ.

ಬಸ್ಸಕ್ಕನ ದನಿ ಮರಳಲಿಲ್ಲ. ಆಕೆಗೆ ಅದರ ಕೊರಗಿರಲಿಲ್ಲ. ಬೇಡಿಕೊಂಡಿದ್ದು ನೆರವೇರಿತ್ತು, ಆಕೆಯ ದನಿ ಕೇಳಿ ಬಂದವರು ಯಾರೂ ಸತ್ತಿರಲಿಲ್ಲ. ಇಸ್ತ್ರಿಯವನು ಕುಂಟುತ್ತ ಮನೆಗೇ ಬಂದು ಬಟ್ಟೆ ಕೊಂಡೊಯ್ಯುತ್ತಿದ್ದ. ದೇವರ ಮುಂದೆ ಕೂತಾಗ ಬಾಯಿ ಬೇಕಾಗಲಿಲ್ಲ. ನಾದಿನಿ ಇಬ್ಬರ ಮಾತನ್ನೂ ತಾನೇ ಆಡಿ, ತಾನೇ ಉತ್ತರ ಕೊಟ್ಟು, ತಾನೇ ಸೋಲುತ್ತಿದ್ದಳು.

ಮುಂದೊಂದು ಚಳಿಗಾಲದಲ್ಲಿ ಆಕೆಗೆ ಜ್ವರ ಬಂದು ಎದೆ ಕಟ್ಟಿತು. ವೈದ್ಯರು ನೋಡಿ, ಹೊರಗೆ ಹೋಗಿ ನಾದಿನಿಯ ಹತ್ತಿರ ಮೆಲ್ಲಗೆ ಮಾತಾಡಿದರು. ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಕುರ್ಚಿಯಣ್ಣ ಬಂದು, ಆಕೆಯ ಹಳೆಯ ಕುರ್ಚಿಗೆ ಹೊಸ ಬೆತ್ತ ಹಾಕುತ್ತ ಪಕ್ಕದಲ್ಲಿ ಕೂತಿದ್ದ. ಬೆತ್ತ ಎಳೆಯುವ ಸದ್ದು ಬಿಟ್ಟರೆ ಮನೆ ಮೌನವಾಗಿತ್ತು.

ಆಗ ಆಕೆಗೆ ಅದು ಕೇಳಿತು. ಸರ್ಕಲ್ಲಿನಿಂದಲ್ಲ, ಉಗ್ರಾಣದಿಂದಲೂ ಅಲ್ಲ. ಹಾಸಿಗೆಯ ಕಾಲುದೆಸೆಯಿಂದ, ತೀರ ಹತ್ತಿರದಿಂದ.

"ಬನ್ನಿ. ಈಗ ದಾಟಿ."

ಆಕೆಯ ಕಾಲು ಹೊದಿಕೆಯ ಒಳಗೆ ಅಲುಗಿತು. ಕುರ್ಚಿಯಣ್ಣನ ಕೈ ನಿಂತಿತು. ಅವನು ಬೆತ್ತವನ್ನು ಹಾಗೇ ಹಿಡಿದುಕೊಂಡು, ತಲೆ ಓರೆ ಮಾಡಿ, ಕಾಲುದೆಸೆಯತ್ತ ಕಿವಿಗೊಟ್ಟ.

"ಅಕ್ಕಾ" ಎಂದ ಪಿಸುಮಾತಿನಲ್ಲಿ. "ಹೋಗಬೇಡಿ. ಅದು ಉಸಿರು ತಗೊಂಡಿಲ್ಲ."

ಬಸ್ಸಕ್ಕ ಕಿವಿಗೊಟ್ಟಳು. ನಿಜ. ಆ ಕಡೆಯಿಂದ ಉಸಿರಿನ ಸದ್ದು ಬರಲಿಲ್ಲ. ಆಕೆ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕಷ್ಟಪಟ್ಟು, ಎದೆಯೆಲ್ಲ ನೋಯುವಂತೆ, ಸುಂಯ್ ಎಂದು ಒಂದು ಉಸಿರು ಎಳೆದಳು. ಮತ್ತೊಂದು ಎಳೆದಳು. ಕುರ್ಚಿಯಣ್ಣ ತಲೆಯಾಡಿಸಿ, ನಿಂತಿದ್ದ ಬೆತ್ತವನ್ನು ಮತ್ತೆ ಹೆಣೆಯತೊಡಗಿದ.